ಬಿಟ್ಟಿ ಮನೆಯ ಬಾಡಿಗೆ

ಸೆಪ್ಟೆಂಬರ್ 5, ಮಂಗಳವಾರ

ಇವತ್ತು ಕಣ್ಣಿನ ಕ್ಲಿನಿಕ್‌ನಲ್ಲಿ ನಾನು ಕೊಟ್ಟ ಟೋಕನ್ 63. ಡಾಕ್ಟರು ಅರ್ಧ ಗಂಟೆ ತಡ. ಕಣ್ಣಿಗೆ ಔಷಧಿ ಹಾಕಿಸಿಕೊಂಡ ಮುದುಕರು ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದರು. ಒಬ್ಬರಿಗೆ ಹಾಗೇ ನಿದ್ದೆ ಹತ್ತಿ ಗೊರಕೆ. ಎಬ್ಬಿಸಲಿಲ್ಲ. ಅವರ ನಂಬರ್ ಬಂದಾಗ ಮುಂದಿನವರನ್ನು ಕರೆದೆ.

ಮಧ್ಯಾಹ್ನ ಡಬ್ಬಿ ಊಟ. ಕೋಳಿ ತೊಡೆ. ಅರ್ಧ ಬಿಟ್ಟೆ.

ಮನೆಗೆ ಬಂದರೆ ಅಂಚೆ ಡಬ್ಬಿಯಲ್ಲಿ ತೆರಿಗೆ ಕಚೇರಿಯ ಲಕೋಟೆ. ಜಿಯಾಡಿಂಗ್ ಬಂದರಿನ ಹತ್ತಿರದ ಮೂರನೇ ಮಹಡಿ ಮನೆಯ ವಿಷಯ. ಮಾಲೀಕರು: ತು ಪೀ-ಯುನ್. ಅಂದರೆ ನಾನು. ಹಿಂದಿನ ಮಾಲೀಕರು: ಲ್ಯು ಚಿನ್-ಶುಯಿ. ಮೂವತ್ತೊಂದು ವರ್ಷ ನನ್ನ ಗಂಡನಾಗಿದ್ದವರು ಈಗ 'ಹಿಂದಿನ ಮಾಲೀಕರು'. ಓದಿದೆ. ಏನೂ ಅನಿಸಲಿಲ್ಲ.

ಪ್ರಶ್ನೆ ಮೂರು. ಮನೆಯಲ್ಲಿ ಯಾರಿದ್ದಾರೆ? ನಿಮಗೆ ಅವರು ಏನಾಗಬೇಕು? ಬಾಡಿಗೆ ಎಷ್ಟು? ಉತ್ತರಕ್ಕೆ ಮೂವತ್ತು ದಿನ.

ಇರುವವಳು ಆ-ಶ್ಯಾ. ಅವರ ತಂಗಿ, ನನ್ನ ನಾದಿನಿ. ಅಪ್ಪ-ಅಮ್ಮನ ಜೊತೆ ಎರಡು ವರ್ಷದ ಮಗುವಾಗಿ ಆ ಮನೆಗೆ ಬಂದವಳಿಗೆ ಈಗ ಐವತ್ತೆರಡು. ಮದುವೆ ಆಗಲಿಲ್ಲ. ಅತ್ತೆಯ ಕೊನೆಗಾಲದವರೆಗೂ ನೋಡಿಕೊಂಡಳು. ಅವಳಿಂದ ಬಾಡಿಗೆಯಂತೆ!

ಕಾಗದವನ್ನು ಫ್ರಿಜ್ ಮೇಲೆ ಅಂಟಿಸಿದೆ. ಮಲಗಬೇಕು.

ಸೆಪ್ಟೆಂಬರ್ 7, ಗುರುವಾರ

ಊಟದ ಬಿಡುವಿನಲ್ಲಿ ಕಚೇರಿಗೆ ಫೋನ್ ಮಾಡಿದೆ. ಎತ್ತಿದವನು ಗುಮಾಸ್ತ, ಚಿಕ್ಕ ವಯಸ್ಸಿನ ದನಿ, ಮರ್ಯಾದಸ್ಥ.

"ಮನೆ ಯಾರಿಗೆ ಬಿಟ್ಟಿದ್ದೀರಾ ಆಂಟಿ?"

"ಯಾರಿಗೂ ಬಿಟ್ಟಿಲ್ಲಪ್ಪ. ಮನೆಯವಳೇ ಇದಾಳೆ. ನಮ್ಮ ಯಜಮಾನ್ರ ತಂಗಿ."

"ಓ… ಹಂಗಾದ್ರೆ ಇತರರು."

"ಇತರರಲ್ಲ, ತಂಗಿ ಅಂದೆ."

"ಕೇಳಿಸ್ತು ಆಂಟಿ. ಆದ್ರೆ ಕಾನೂನಲ್ಲಿ ನೀವು, ನಿಮ್ಮ ಯಜಮಾನ್ರು, ಮೇಲಕ್ಕೆ ಅಪ್ಪ-ಅಮ್ಮ, ಕೆಳಕ್ಕೆ ಮಕ್ಕಳು-ಮೊಮ್ಮಕ್ಕಳು, ಇಷ್ಟೇ ಮನೆಯವರು. ಪಕ್ಕಕ್ಕೆ ಹೋದ್ರೆ ಎಲ್ಲಾ ಇತರರೇ. ಅಣ್ಣ, ತಂಗಿ, ನಾದಿನಿ… ಎಲ್ಲಾರೂ."

ಇತರರು ಬಾಡಿಗೆ ಕೊಡದೆ ಇದ್ದರೆ ಅದನ್ನು ಸಾಬೀತು ಮಾಡಬೇಕಂತೆ. ಉಚಿತ ಎಂದು ಒಪ್ಪಂದ ಬರೆದು, ಹೊರಗಿನವರಿಬ್ಬರು ಸಾಕ್ಷಿ ಹೇಳಿ, ನೋಟರಿ ಮುಂದೆ ಎಲ್ಲರೂ ಸಹಿ ಹಾಕಬೇಕು. ಇಲ್ಲದಿದ್ದರೆ ಆ ಬೀದಿಯ ಬಾಡಿಗೆ ದರ ನೋಡಿ, ಅಷ್ಟು ನನ್ನ ಕೈ ಸೇರಿದೆ ಎಂದೇ ತೆರಿಗೆ ಹಾಕುತ್ತಾರೆ.

"ಬರದೇ ಇರೋ ಬಾಡಿಗೆಗಾ?"

"ಹೌದು ಆಂಟಿ."

"ಸುಮ್ನೆ ಒಂಚೂರು ಬಾಡಿಗೆ ತಗೊಂಡ್ರೆ?"

"ತೀರಾ ಕಮ್ಮಿ ತೋರಿಸಿದ್ರೂ ಬೀದಿ ದರಕ್ಕೇ ಎತ್ತುತೀವಿ. ನೆಂಟರ ಮನೆ ಅಂದ್ರೆ ಎಲ್ಲಾರೂ ಕಮ್ಮೀನೇ ತೋರಿಸೋದು."

ತೆರಿಗೆ ಎಷ್ಟಾಗಬಹುದು ಎಂದು ಕೇಳಿದೆ. ದೊಡ್ಡ ಮೊತ್ತವೇನಲ್ಲ, ಕಟ್ಟಿದರೂ ನಡೆದೀತು. ಆದರೆ ಅವರಿದ್ದಿದ್ದರೆ ಹಾರಾಡುತ್ತಿದ್ದರು. ಅವರ ಪರವಾಗಿ ನಾನಾದರೂ ಹಾರಾಡಬೇಕು ಅಂದುಕೊಂಡೆ. ಸಿಟ್ಟು ಬರಲಿಲ್ಲ. ಒಪ್ಪಂದ ಮಾಡಿಸಿದರಾಯಿತು.

ಸೆಪ್ಟೆಂಬರ್ 10, ಭಾನುವಾರ

ಆ-ಶ್ಯಾಗೆ ಫೋನ್ ಮಾಡಿದೆ. ಅವಳು ಕೆಲಸ ಮಾಡುವ ಮೀನಿನ ಶೆಡ್‌ನಲ್ಲಿದ್ದಳು. ಹಿಂದೆ ನೀರಿನ ಪೈಪಿನ ಸದ್ದು, ಹೆಂಗಸರ ಗಲಾಟೆ.

"ಏನತ್ತಿಗೆ, ದಾರಿ ತಪ್ಪಿ ಫೋನ್ ಬಂತಾ?"

ವಿಷಯ ಹೇಳಿದೆ. ಗಹಗಹಿಸಿ ನಕ್ಕಳು. ಪಕ್ಕದವರಿಗೂ ಕೂಗಿ ಹೇಳಿದಳು: "ಲೇ, ನಾನು ಇತರರಂತೆ ಕಣ್ರೇ! ಸರ್ಕಾರದೋರು ಕಂಡುಹಿಡಿದ್ರು!"

"ಯಾವಾಗ ಬರ್ತೀಯ ಸಹಿಗೆ?"

"ಮೊದ್ಲು ಈ ಭೂತದ ತಿಂಗಳು ಮುಗೀಲಿ. ಈ ತಿಂಗಳಲ್ಲಿ ಮನೆ ಕಾಗದಕ್ಕೆ ಸಹಿ ಹಾಕಿದ್ರೆ ಯಾವ ಪೀಡೆ ಬಂದು ಬಾಡಿಗೆಗೆ ಕೂರುತ್ತೋ." ಆಮೇಲೆ ದನಿ ತಗ್ಗಿಸಿ, "ನೀವು ಯಾವಾಗ ಬರ್ತೀರಾ ಈ ಕಡೆ?"

ಕ್ಲಿನಿಕ್‌ನಲ್ಲಿ ರಜೆ ಇಲ್ಲ ಎಂದೆ. ಸುಳ್ಳು ಎಂದು ಅವಳಿಗೂ ಗೊತ್ತು. ನಾನಿರುವ ಗಾಂಗ್‌ಶಾನ್‌ನಿಂದ ಅಲ್ಲಿಗೆ ಸ್ಕೂಟರ್‌ನಲ್ಲಿ ಅರ್ಧ ಗಂಟೆ ದಾರಿ.

ನೂರನೇ ದಿನದ ಪೂಜೆಯ ನಂತರ ನಾನು ಆ ಮನೆಗೆ ಹೋಗಿಲ್ಲ. ಅಲ್ಲಿ ಹಿರಿಯರ ಪೀಠದ ಪಕ್ಕದಲ್ಲಿ ಅವರ ಫೋಟೋ ಇದೆ, ಬಸ್ ಡ್ರೈವರ್ ಯೂನಿಫಾರ್ಮ್‌ನಲ್ಲಿ. ಅಲ್ಲಿಗೆ ಹೋದರೆ ಅವರು ಸತ್ತಿದ್ದಾರೆ. ಇಲ್ಲಿ ಬರೀ ಇಲ್ಲ, ಅಷ್ಟೆ.

ಸೆಪ್ಟೆಂಬರ್ 18, ಸೋಮವಾರ

ನನ್ನ ಮನೆ ಕೆಳಗಿನ ತಿಂಡಿ ಅಂಗಡಿಯ ಕುವೊ ದಂಪತಿ ಸಾಕ್ಷಿಗೆ ಒಪ್ಪಿದರು. ಮೊಟ್ಟೆ ರೊಟ್ಟಿ ಮಗುಚುತ್ತಾ ಕುವೊ ಹೆಂಡತಿ ಕೇಳಿದಳು:

"ನಿಮ್ಮ ನಾದಿನಿ ನಿಜವಾಗ್ಲೂ ಏನೂ ಕೊಡಲ್ವಾ?"

"ಇಲ್ಲ."

"ನಮ್ಮೋನ ತಮ್ಮಾನೂ ಹಿಂಗೇ. ಆರು ವರ್ಷ ಇದ್ದ, ಒಂದು ಬಲ್ಬ್ ಬದಲಾಯಿಸ್ಲಿಲ್ಲ. ಹೋಗ್ತಾ, ಇದ್ದ ಬಲ್ಬೂ ಬಿಚ್ಕೊಂಡು ಹೋದ."

ನಗಬೇಕಿತ್ತು. ಸೋಯಾ ಹಾಲು ತೆಗೆದುಕೊಂಡು ಬಂದೆ.

ಗುಮಾಸ್ತ ಗಡುವನ್ನು ನವೆಂಬರ್ ಕೊನೆಯವರೆಗೆ ಮುಂದೆ ಹಾಕಿದ್ದಾನೆ. ಟೋಕನ್ 49.

ಸೆಪ್ಟೆಂಬರ್ 29, ಶುಕ್ರವಾರ

ಶರತ್ಕಾಲದ ಹುಣ್ಣಿಮೆ. ಬೀದಿಯವರೆಲ್ಲ ಹೊರಗೆ ಒಲೆ ಹಾಕಿ ಮಾಂಸ ಸುಡುತ್ತಿದ್ದಾರೆ. ಕಿಟಕಿ ಮುಚ್ಚಿದರೂ ಹೊಗೆ.

ಆ-ಶ್ಯಾ ಬಸ್‌ನಲ್ಲಿ ಚಕ್ಕೋತ ಕಳಿಸಿದ್ದಳು, ನಾಲ್ಕು. ಅವರ ಹಳೇ ಜೊತೆಗಾರ ಡ್ರೈವರ್ ಇಳಿಸಿಕೊಟ್ಟ. ಒಂದರ ಮೇಲೆ ಪೆನ್ನಿನಲ್ಲಿ ಬರೆದಿದ್ದಳು: 'ಇದು ಅಣ್ಣನ ಮುಂದೆ ಇಟ್ಟಿದ್ದು. ಸಿಹಿ ಇದೆ.'

ಆ ಒಂದನ್ನು ಸುಲಿಯಲಿಲ್ಲ.

ಕ್ಯಾಲೆಂಡರ್ ತೆಗೆದು ಎಣಿಸಿದೆ. ಅವರು ಹೋದದ್ದು ಚಾಂದ್ರಮಾನದ ಹತ್ತನೇ ತಿಂಗಳು, ಹದಿನೆಂಟು. ಈ ವರ್ಷ ಅದು ನವೆಂಬರ್ 30ಕ್ಕೆ ಬರುತ್ತದೆ. ವರ್ಷದ ತಿಥಿ. ಗುರುತು ಹಾಕಿದೆ. ಆವತ್ತು ಹೋಗಲೇಬೇಕು. ಹೋಗುತ್ತೇನೆ.

ಅಕ್ಟೋಬರ್ 4, ಬುಧವಾರ

ಪತ್ರ ಬರಹಗಾರ ಶಿಯೆ ಒಪ್ಪಂದದ ಕರಡು ಕೊಟ್ಟ. ಒಂದೇ ಹಾಳೆ. 'ಎರಡನೇ ಪಕ್ಷದವರು ಸದರಿ ಮನೆಯನ್ನು ಉಚಿತವಾಗಿ ಬಳಸುತ್ತಿದ್ದು, ಪ್ರತಿಯಾಗಿ ಏನನ್ನೂ ಕೊಡುತ್ತಿಲ್ಲ.'

ಆ-ಶ್ಯಾ ಹೆಸರು ನೋಡಿ ಶಿಯೆ ಕನ್ನಡಕ ಎತ್ತಿದ. "ಓಹೋ, ಈಯಮ್ಮನಾ! ಹೋದ ಚಳಿಗಾಲದಲ್ಲಿ ಹಕ್ಕು ಬಿಟ್ಟುಕೊಟ್ಟ ಕಾಗದಾನೂ ನಾನೇ ಬರೆದಿದ್ದು. ಆವತ್ತು ಮುದ್ರೆ ಒತ್ತದೇ ಇದ್ದಿದ್ರೆ ಅರ್ಧ ಮನೆ ಅವರದ್ದೇ. ಈ ಕಾಗದಾನೇ ಬೇಕಿರಲಿಲ್ಲ. ನನಗೆ ಎರಡು ಸಲ ಫೀಸು, ಏನಂತೀರಾ?"

ಫೀಸು ಎಣಿಸಿ ಕೊಟ್ಟೆ.

ಮರೆತಿದ್ದೆ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ನಮಗೆ ಮಕ್ಕಳಿಲ್ಲ. ಕಾನೂನಿನ ಪ್ರಕಾರ ಹೆಂಡತಿಗೆ ಅರ್ಧ, ತಂಗಿಗೆ ಅರ್ಧ. ನಲವತ್ತನೇ ದಿನ ಆ-ಶ್ಯಾ ತಾನಾಗಿಯೇ ಶಿಯೆಯ ಅಂಗಡಿಗೆ ಬಂದಳು. ಚೀಲದಿಂದ ತನ್ನ ಹೆಸರಿನ ಮುದ್ರೆ ತೆಗೆದಳು, ಬಾಯಿಂದ ಊದಿದಳು, ಒತ್ತಿದಳು. ಮೀನಿನ ವಾಸನೆ ಕಾಗದಕ್ಕೆ ಹತ್ತಬಾರದೆಂದು ಮೊದಲೇ ಕೈ ತೊಳೆದು ಬಂದಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ. ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಆಗ ಯಾರು ಏನು ಮುಂದಿಟ್ಟರೂ ನೋಡುತ್ತಾ ಕೂರುತ್ತಿದ್ದೆ.

ಕೊಟ್ಟವಳು ಈಗ 'ಏನನ್ನೂ ಕೊಡುತ್ತಿಲ್ಲ' ಎಂದು ಸಹಿ ಹಾಕಬೇಕು.

ಕರಡು ಚೀಲದಲ್ಲಿದೆ.

ಅಕ್ಟೋಬರ್ 18, ಬುಧವಾರ

ಅರ್ಧ ದಿನ ರಜೆ. ನೋಟರಿ ಕಚೇರಿ. ಕುವೊ ದಂಪತಿ ಅಂಗಡಿ ಮುಚ್ಚಿ ಬಂದರು. ಅವನು ಇಸ್ತ್ರಿ ಅಂಗಿ, ಅವಳು ತುಟಿಗೆ ಬಣ್ಣ. ಆ-ಶ್ಯಾ ಶೆಡ್‌ನಿಂದ ನೇರ ಬಂದಿದ್ದಳು, ಕಾಲಿಗೆ ಇನ್ನೂ ರಬ್ಬರ್ ಬೂಟು. ಸೊರಗಿದ್ದಾಳೆ. ನನ್ನನ್ನು ನೋಡಿ, "ನೀವೂ ಸೊರಗಿದ್ದೀರಾ ಅತ್ತಿಗೆ," ಎಂದಳು.

ನೋಟರಿ ಹೆಂಗಸು. ಒಪ್ಪಂದವನ್ನು ದೊಡ್ಡದಾಗಿ ಓದಿದರು. ಕುವೊ ದಂಪತಿಯನ್ನು ಕೇಳಿದರು, ಇಬ್ಬರೂ ಹೌದು ಹೌದು ಎಂದರು. ಆಮೇಲೆ ಆ-ಶ್ಯಾ ಕಡೆ ತಿರುಗಿ, "ನೀವು ಈ ಮನೆಗೆ ಪ್ರತಿಯಾಗಿ ಏನೂ ಕೊಡ್ತಿಲ್ಲ, ಸರೀನಾ?"

"ಕೊಡ್ತೀನಿ," ಎಂದಳು ಆ-ಶ್ಯಾ.

ಕುವೊ ಹೆಂಡತಿ ಮೇಜಿನ ಕೆಳಗೆ ಅವಳ ಬೂಟಿಗೆ ಒದ್ದಳು. ಸದ್ದು ಎಲ್ಲರಿಗೂ ಕೇಳಿಸಿತು.

"ಏನು ಕೊಡ್ತೀರಾ?"

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಊದುಬತ್ತಿ. ಮೂರು ಲೋಟ ಚಹಾ. ಅಮಾವಾಸ್ಯೆ ಹುಣ್ಣಿಮೆಗೆ ಹಣ್ಣು, ಅನ್ನ, ಮೀನು. ಹತ್ತಿರತ್ತಿರ ವರ್ಷ ಆಯ್ತು."

"ಅದು ಬಾಡಿಗೆ ಅಲ್ಲಮ್ಮ. ಅವರು ನಿಮ್ಮ ಸ್ವಂತ ಅಣ್ಣ ಅಲ್ವಾ?"

"ಅಣ್ಣಾನೇ. ಆದ್ರೆ ನಾನು ಇತರರು ಅಂತ ಕಾಗದದಲ್ಲಿ ಬಂದಿದೆಯಲ್ಲ? ಇತರರು ಯಾರಾದ್ರೂ ಬಿಟ್ಟಿ ಊದುಬತ್ತಿ ಹಚ್ತಾರಾ ಮೇಡಂ? ಅದು ಹೆಂಡ್ತಿ ಮಾಡೋ ಕೆಲಸ. ಇವರು ಬರಲ್ಲ. ಇವರ ಬದಲು ನಾನು ಮಾಡ್ತೀನಿ. ಅದೇ ನನ್ನ ಬಾಡಿಗೆ. ಬಿಟ್ಟಿ ಇದೀನಿ ಅಂತ ನಾನು ಸಹಿ ಹಾಕಲ್ಲ."

ನನ್ನ ಕಡೆ ನೋಡದೆ ಹೇಳಿದಳು. ಗೋಡೆಯ ಗಡಿಯಾರ ನೋಡಿಕೊಂಡು.

ನೋಟರಿ ಪೆನ್ನಿನ ಮುಚ್ಚಳ ಹಾಕಿದರು. ಒಂದು ಪಕ್ಷದವರು ಕೊಡ್ತೀನಿ ಅಂದಮೇಲೆ ಉಚಿತ ಎಂದು ಮುದ್ರೆ ಹಾಕಲಾಗದು, ಮನೆಯವರೇ ಕೂತು ಮಾತಾಡಿ ಬನ್ನಿ ಎಂದರು.

ನಾನು ಮಾತಾಡಬೇಕಿತ್ತು. ಇಡೀ ಕೋಣೆ ನನ್ನ ಬಾಯಿ ನೋಡುತ್ತಿತ್ತು. ನನಗೆ ಹೊಳೆದದ್ದು ಒಂದೇ, ಎರಡು ಗಂಟೆಗೆ ಕ್ಲಿನಿಕ್ ತೆರೆಯಬೇಕು ಎಂದು. ಹಾಗೇ ಹೇಳಿದೆ. "ನನಗೆ ಎರಡಕ್ಕೆ ಡ್ಯೂಟಿ ಇದೆ."

ಆ-ಶ್ಯಾ ಎದ್ದು ಹೋದಳು. ಬೂಟಿನ ಸದ್ದು ಮೆಟ್ಟಿಲಿನ ಕೊನೆಯವರೆಗೂ ಕೇಳಿಸಿತು.

ವಾಪಸ್ ಬರುವಾಗ ಕುವೊ ಹೆಂಡತಿ, "ಬಾಯಿ ಅಂದ್ರೆ ಬಾಯಿ! ನಾಲ್ಕು ಜನದ ಮುಂದೆ ಮಾನ ತೆಗೆದ್ಲಲ್ರೀ," ಎಂದಳು. ಗಂಡ, "ಅವಳು ಹೇಳಿದ್ದು ಸುಳ್ಳಾ?" ಎಂದ.

ಟೋಕನ್ 31. ಅರ್ಧ ದಿನದ್ದು.

ಅಕ್ಟೋಬರ್ 19, ಗುರುವಾರ

ಅವಳು ಹೇಳಿದ್ದು ಸುಳ್ಳಲ್ಲ.

ಅಕ್ಟೋಬರ್ 23, ಸೋಮವಾರ

ಆ-ಶ್ಯಾ ಮೆಸೇಜ್. 'ನವೆಂಬರ್ ಕೊನೆಗೆ ಮನೆ ಖಾಲಿ ಮಾಡ್ತೀನಿ. ಆಮೇಲೆ ನಿಮಗೆ ತೆರಿಗೆ ತಲೆನೋವು ಇರಲ್ಲ. ಬೀಗದ ಕೈ ತಿಂಡಿ ಅಂಗಡೀಲಿ ಕೊಟ್ಟಿರ್ತೀನಿ.'

ಮೂರು ಸಲ ಉತ್ತರ ಬರೆದೆ, ಮೂರು ಸಲ ಅಳಿಸಿದೆ. ಕೊನೆಗೆ 'ಸರಿ' ಎಂದು ಕಳಿಸಿದೆ.

ಯಾಕೆ ಸರಿ ಎಂದೆನೋ. ಸರಿ ಇಲ್ಲ. ಅವಳು ಹೋದರೆ ಅವರ ಮುಂದೆ ದೀಪ ಹಚ್ಚಲು ಯಾರೂ ಇಲ್ಲ. ನನಗೂ ಅತ್ತಿಗೆ ಎನ್ನುವವರು ಈ ಭೂಮಿ ಮೇಲೆ ಬೇರೆ ಯಾರೂ ಇಲ್ಲ. ಇದು ಗೊತ್ತಿದ್ದೂ ಕೈ 'ಸರಿ' ಎಂದು ಒತ್ತಿತು.

ನವೆಂಬರ್ 1, ಬುಧವಾರ

ಟೋಕನ್ 58. ಹೊಸ ನರ್ಸ್ ಸೇರಿದಳು, ಡ್ರಾಪ್ಸ್ ಬಾಟಲಿ ಒಡೆದಳು.

ಆ-ಶ್ಯಾ ಫೋನ್. ಬೆಳಿಗ್ಗೆ ಎಂಟಕ್ಕೆ, ಹನ್ನೊಂದಕ್ಕೆ, ಎರಡಕ್ಕೆ. ಎತ್ತಲಿಲ್ಲ. ಬೀಗದ ಕೈ ಮಾತೇ ಇರುತ್ತದೆ. ಅಥವಾ ಇನ್ನೊಂದು ಸಲ ಬೈಯಲು. ಎರಡಕ್ಕೂ ಇವತ್ತು ಶಕ್ತಿ ಇರಲಿಲ್ಲ.

ಸಂಜೆ ಕುರಿ ಮಾಂಸದ ನೂಡಲ್ಸ್. ಪೂರ್ತಿ ತಿಂದೆ. ಎಂಟೂವರೆಗೇ ಮಲಗುತ್ತೇನೆ.

ನವೆಂಬರ್ 9, ಗುರುವಾರ

ಗುಮಾಸ್ತ ನೆನಪಿಸಲು ಫೋನ್ ಮಾಡಿದ. "ಆಂಟಿ, ಒಪ್ಪಂದ ಆಯ್ತಾ?" ನೋಡ್ತೀನಿ ಎಂದೆ. ಅವಳು ಖಾಲಿ ಮಾಡುತ್ತಾಳೆ ಎಂದು ಹೇಳಬಹುದಿತ್ತು.

ನವೆಂಬರ್ 20, ಸೋಮವಾರ

ಕ್ಲಿನಿಕ್ ಮುಗಿಸಿ ಪೂಜೆ ಸಾಮಾನಿನ ಅಂಗಡಿಗೆ ಹೋದೆ. ಪಟ್ಟಿ ಮಾಡಿಕೊಂಡಿದ್ದೆ. ಊದುಬತ್ತಿ, ಸುಡುವ ಕಾಗದದ ಹಣ, ಕೆಂಪು ಮೇಣದ ಬತ್ತಿ. ಮೂವತ್ತನೇ ತಾರೀಕಿಗೆ ಬೇಕು, ವರ್ಷದ ತಿಥಿ ಎಂದೆ.

ಅಂಗಡಿಯಾಕೆ ಮುದುಕಿ. "ಹೋದದ್ದು ಯಾವ ತಿಥಿ?"

"ಹತ್ತನೇ ತಿಂಗಳು, ಹದಿನೆಂಟು."

ಬೆರಳು ಮಡಚಿದಳು. ಮತ್ತೆ ಬಿಚ್ಚಿದಳು. ನನ್ನ ಮುಖ ನೋಡಿದಳು.

"ಈ ವರ್ಷ ಎರಡನೇ ತಿಂಗಳು ಎರಡು ಸಲ ಬಂತಲ್ಲಮ್ಮ. ಅಧಿಕ ಮಾಸ."

"ಹೌದು, ಅದಕ್ಕೇನು?"

"ಸತ್ತವರಿಗೆ ಅಧಿಕ ಮಾಸ ಇಲ್ಲ. ಹನ್ನೆರಡು ತಿಂಗಳು ತುಂಬಿದ ದಿನಾನೇ ವರ್ಷದ ತಿಥಿ. ಒಂದು ತಿಂಗಳು ಮುಂಚೆ ಬರುತ್ತೆ. ನಿಮ್ಮದು… ಒಂಬತ್ತನೇ ತಿಂಗಳು ಹದಿನೆಂಟಕ್ಕೆ ಆಗಬೇಕಿತ್ತು." ಗೋಡೆಯ ಪಂಚಾಂಗಕ್ಕೆ ಕೋಲು ಮುಟ್ಟಿಸಿದಳು. "ನವೆಂಬರ್ ಒಂದು. ಮನೇಲಿ ಹಿರಿಯರು ಯಾರೂ ಹೇಳಲಿಲ್ವಾ?"

ಒಂದನೇ ತಾರೀಕು. ಎಂಟಕ್ಕೆ, ಹನ್ನೊಂದಕ್ಕೆ, ಎರಡಕ್ಕೆ.

ಇದು ಗೊತ್ತಿಲ್ಲದ ವಿಷಯವೇನಲ್ಲ. ಚಿಕ್ಕಂದಿನಿಂದ ಕೇಳಿದ ಮಾತು. ಯಾರ ಮನೆಯ ತಿಥಿಗಾದರೂ ನಾನೇ ಎಣಿಸಿ ಹೇಳುತ್ತಿದ್ದೆ. ನನ್ನ ಗಂಡನದ್ದು ಮಾತ್ರ ತಪ್ಪಿತು.

ಆ ಸಂಜೆ ನೂಡಲ್ಸ್ ಪೂರ್ತಿ ತಿಂದಿದ್ದೆ. ಇಲ್ಲೇ ಬರೆದಿದೆ.

ನವೆಂಬರ್ 21, ಮಂಗಳವಾರ

ಕ್ಲಿನಿಕ್‌ಗೆ ಹುಷಾರಿಲ್ಲ ಎಂದೆ. ಸ್ಕೂಟರ್. ಜಿಯಾಡಿಂಗ್. ಮೂರು ಮಹಡಿ ಹತ್ತುವಾಗ ಎರಡು ಸಲ ನಿಂತೆ.

ಆ-ಶ್ಯಾ ಬಾಗಿಲು ತೆಗೆದಳು. ಅಡ್ಡ ನಿಲ್ಲಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ. ಹಗ್ಗ ಬಿಗಿದ ರಟ್ಟಿನ ಡಬ್ಬಿಗಳು, ಆರೋ ಏಳೋ. ಐವತ್ತು ವರ್ಷದ ಸಂಸಾರ ಇಷ್ಟೇನಾ ಎಂದು ಎಣಿಸಿದೆ.

ಪೀಠ ಹಾಗೇ ಇತ್ತು. ಲ್ಯು ಮನೆತನದ ಹಿರಿಯರ ಹೆಸರು ಬರೆದ ಹಲಗೆ, ದೊಡ್ಡ ಧೂಪದ ಬಟ್ಟಲು. ಪಕ್ಕದಲ್ಲಿ ಬೇರೆಯಾಗಿ ಅವರ ಫೋಟೋ, ಅವರ ಚಿಕ್ಕ ಬಟ್ಟಲು. ಬೂದಿ ತುಂಬಿ ತುಳುಕುವಂತಿತ್ತು.

"ಮೂರು ಸಲ ಫೋನ್ ಮಾಡಿದ್ದೆ," ಎಂದಳು.

"ಗೊತ್ತು."

"ತಿಥಿ ಅಂತ ಗೊತ್ತಿತ್ತಾ?"

"ಅಧಿಕ ಮಾಸ ಎಣಿಸ್ಲಿಲ್ಲ ಕಣೇ. ಮೂವತ್ತಕ್ಕೆ ಅಂದ್ಕೊಂಡಿದ್ದೆ. ನಿನ್ನೆ ಅಂಗಡಿಯೋಳು ಹೇಳಿದ್ಲು."

"ನಾನು ನೀವು ಬೇಕೂಂತಾನೇ ಬರ್ಲಿಲ್ಲ ಅಂದ್ಕೊಂಡೆ. ನೋಟರಿ ಹತ್ರ ಬಾಯಿಗೆ ಬಂದಂಗೆ ಅಂದುಬಿಟ್ಟೆನಲ್ಲ, ಆ ಸಿಟ್ಟಿಗೆ."

ಆಮೇಲೆ ಆ ದಿನದ್ದು ಹೇಳಿದಳು. ಅಡುಗೆ ಮುಗಿಸಿ ಬಡಿಸಿದ್ದಳು. ಊದುಬತ್ತಿ ಮುಗಿಯುವ ಹೊತ್ತಿಗೆ ಎಂದಿನಂತೆ ಎರಡು ನಾಣ್ಯ ಹಾಕಿ, ಊಟ ಆಯ್ತಾ ಅಣ್ಣಾ ಎಂದು ಕೇಳಿದಳು. ಒಂದು ತಲೆ, ಒಂದು ಅಂಕೆ ಬಿದ್ದರೆ ಆಯಿತು ಎಂದು. ಎರಡೂ ತಲೆ ಬಿತ್ತು.

"ಮತ್ತೆ ಊದುಬತ್ತಿ ಹಚ್ಚಿದೆ, ನಿಮಗೆ ಫೋನ್ ಮಾಡಿದೆ. ಮತ್ತೆ ಕೇಳಿದೆ. ಆಗಿಲ್ಲ ಅಂದ. ಇನ್ನೊಂದ್ಸಲ. ಆಗಿಲ್ಲ ಅಂದ. ಅತ್ತಿಗೆ ಬರ್ತಾರೆ, ಸ್ವಲ್ಪ ತಡಿ ಮಾರಾಯ ಅಂತಿದ್ದೆ ಪ್ರತೀ ಸಲಾನೂ. ಅನ್ನ ಕಲ್ಲಾಯ್ತು. ಸಂಜೆ ಆರಕ್ಕೆ ಕೊನೆಗೆ ಆಯ್ತು ಅಂದ. ಪಾಪ, ಅವನು ತಾನೇ ಎಷ್ಟೂಂತ ಕಾಯ್ತಾನೆ?"

ಒಂದು ರಟ್ಟಿನ ಡಬ್ಬಿ ಮೇಲೆ ಕೂತೆ. ಅವಳು, "ಏಳಿ, ಏಳಿ, ಅದ್ರಲ್ಲಿ ಬಟ್ಟಲಿದೆ!" ಎಂದಳು. ನೆಲದ ಮೇಲೆ ಕೂತೆ. ಅವಳೂ ಕೂತಳು.

ಅಳು ಬರಲಿಲ್ಲ. ಬರಲಿ ಎಂದು ಕಾದೆ.

"ಎಲ್ಲಿಗೆ ಹೋಗ್ತೀಯ?"

"ಶೆಡ್ ಹಿಂದೆ ಒಂದು ರೂಮಿದೆ. ಬಾಡಿಗೆ ಕೊಡ್ತೀನಿ, ರಸೀದಿ ಕೊಡ್ತಾರೆ. ಯಾರೂ ಬಿಟ್ಟಿ ಅನ್ನಂಗಿಲ್ಲ."

"ಹಕ್ಕು ಯಾಕೆ ಬಿಟ್ಟುಕೊಟ್ಟೆ ಆ-ಶ್ಯಾ? ನಾನು ಕೇಳಿರ್ಲಿಲ್ಲ."

"ಹೆಣ್ಣುಮಗಳು ತವರಿನ ಇಟ್ಟಿಗೆ ಎಣಿಸ್ಬಾರ್ದು ಅಂತ ಅಮ್ಮ ಹೇಳೋಳು. ಊರೋರು ಬೇರೆ… ಅಣ್ಣನ ಬೂದಿ ಆರೋ ಮುಂಚೆ ಅತ್ತಿಗೆ ಜೊತೆ ಪಾಲಿಗೆ ನಿಂತ್ಲು ಅಂತಿದ್ರು. ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ ಅತ್ತಿಗೆ. ಆದ್ರೆ ಏನೂ ಕೊಟ್ಟೇ ಇಲ್ಲ ಅಂತ ನನ್ನ ಕೈಲೇ ಬರೆಸ್ತಾರಲ್ಲ…" ಪೀಠದ ಕಡೆ ಗಲ್ಲ ಎತ್ತಿದಳು. "ಅಲ್ಲೂ ನನಗೆ ಜಾಗ ಇಲ್ಲ. ಮದುವೆ ಆಗದೋಳ ಹೆಸರು ಆ ಹಲಗೆ ಮೇಲೆ ಬರಲ್ಲ. ಸತ್ತಮೇಲೆ ಇರೋಕೆ ಗುಡ್ಡದ ಗುಡೀಲಿ ನನ್ನ ಹೆಸರಿಗೊಂದು ಗೂಡು ಬುಕ್ ಮಾಡಿದ್ದೀನಿ. ಅದೂ ಬಾಡಿಗೇದೇ. ಅಡ್ವಾನ್ಸ್ ಕಟ್ಟಿ ಆಗಿದೆ."

ಹೇಳಿ ತಾನೇ ನಕ್ಕಳು. ನನಗೆ ನಗು ಬರಲಿಲ್ಲ.

ತಿಥಿ ಆಗಿದೆ, ಆದರೆ ಅವರ ಹೆಸರನ್ನು ಹಿರಿಯರ ಹಲಗೆಗೆ ಸೇರಿಸುವುದು, ಅವರ ಬಟ್ಟಲಿನ ಬೂದಿಯನ್ನು ದೊಡ್ಡ ಬಟ್ಟಲಿಗೆ ಹಾಕುವುದು ಬಾಕಿ ಇದೆಯಂತೆ. ಮಂತ್ರ ಹೇಳುವ ಮೇಷ್ಟ್ರು ಹೆಂಡತಿ ಬರಲಿ ಎಂದರಂತೆ. ಪಂಚಾಂಗ ನೋಡಿ ಮೂವತ್ತನೇ ತಾರೀಕೇ ಇಟ್ಟಿದ್ದಾರೆ.

"ಅದೊಂದು ಮುಗಿಸಿ ಹೊರಡ್ತೀನಿ," ಎಂದಳು.

"ಹೋಗ್ಬೇಡ," ಎಂದೆ.

"ಯಾವ ಕಾಗದದ ಮೇಲೆ ಇರ್ಲಿ?"

ಕೆಳಗಿಳಿದು ಬಂದೆ.

ನವೆಂಬರ್ 24, ಶುಕ್ರವಾರ

ಗುಮಾಸ್ತನಿಗೆ ನಾನೇ ಫೋನ್ ಮಾಡಿದೆ.

"ಒಪ್ಪಂದ ಆಗಲ್ಲಪ್ಪ. ಆ ಮನೆ ಉಚಿತ ಅಲ್ಲ."

"ಓ. ಬಾಡಿಗೆ ತಗೋತೀರಾ ಹಂಗಾದ್ರೆ?"

"ತಗೋತೀನಿ."

"ಎಷ್ಟು ಆಂಟಿ?"

"ಆ ಬೀದೀಲಿ ಎಷ್ಟಿದೆಯೋ ಅಷ್ಟು. ಪೂರ್ತಿ."

"ಆಂಟಿ, ನೆಂಟರದ್ದು ಅಂದ್ರೆ ಜನ ಕಮ್ಮಿ ಮಾಡಿ ಅಂತ ಜಗಳಕ್ಕೆ ಬರ್ತಾರೆ. ನೀವು ಪೂರ್ತಿ ಹಾಕಿ ಅಂತೀರಲ್ಲ. ತೆರಿಗೆ ಬೀಳುತ್ತೆ, ಪ್ರತೀ ವರ್ಷ."

"ಬೀಳ್ಲಿ."

"ನಗದಾ, ಬ್ಯಾಂಕಿಗಾ?"

"ದಿನಕ್ಕೆ ಎರಡು ಸಲ ಕೊಡ್ತಾಳೆ."

"…ತಿಂಗಳಿಗೆ ಎಷ್ಟು ಅಂತ ಬರೀಲಿ ಆಂಟಿ?"

"ಬೀದಿ ದರ ಅಂದ್ನಲ್ಲಪ್ಪ. ಬರ್ಕೋ."

ಫಾರ್ಮ್ ತುಂಬಿದೆ. ಬಾಡಿಗೆ ಪಡೆಯುತ್ತೀರಾ? ಹೌದು, ಗುರುತು ಹಾಕಿದೆ. ಬಾಕಿ ಇದೆಯೇ? ಇಲ್ಲ. ಏನಾಗಬೇಕು? ನಾದಿನಿ. ಅಂಚೆಗೆ ಹಾಕುವ ಮುಂಚೆ ಫೋಟೋ ತೆಗೆದು ಆ-ಶ್ಯಾಗೆ ಕಳಿಸಿದೆ.

ಟೋಕನ್ ಎಷ್ಟೆಂದು ನೋಡಲು ಮರೆತೆ.

ನವೆಂಬರ್ 25, ಶನಿವಾರ

ಬೆಳಿಗ್ಗೆ ಉತ್ತರ ಬಂತು. 'ಪೂರ್ತಿ ಬಾಡಿಗೆನಾ? ದುಬಾರಿ ಆಯ್ತು ಓನರಮ್ಮ. ಅಡುಗೆಮನೆ ನಲ್ಲಿ ಎರಡು ವರ್ಷದಿಂದ ಸೋರ್ತಿದೆ. ಯಾವಾಗ ರಿಪೇರಿ ಮಾಡಿಸ್ತೀರಾ?'

ಐದು ನಿಮಿಷದ ಮೇಲೆ ಇನ್ನೊಂದು. 'ಡಬ್ಬಿ ಬಿಚ್ಚೋಕೆ ಒಬ್ಬಳಿಗೇ ಆಗಲ್ಲ. ಗುರುವಾರ ಬೇಗ ಬನ್ನಿ.'

ಚಕ್ಕೋತ ಸುಲಿದೆ, ಅವರ ಮುಂದೆ ಇಟ್ಟಿದ್ದ ಆ ಒಂದನ್ನು. ಸಿಪ್ಪೆ ಒಣಗಿ ಬೆಂಡಾಗಿತ್ತು. ಒಳಗೆ ಸಿಹಿ ಇತ್ತು.

ನವೆಂಬರ್ 30, ಗುರುವಾರ. ಬೆಳಿಗ್ಗೆ 8:20

ಜಿಯಾಡಿಂಗ್ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮೇಷ್ಟ್ರು ಒಂಬತ್ತಕ್ಕೆ. ನಲ್ಲಿಯವನು ಹನ್ನೊಂದಕ್ಕೆ. ಡಬ್ಬಿಗಳಲ್ಲಿ ಎರಡು ಬಿಚ್ಚಿದೆವು. ಆ-ಶ್ಯಾ ಒಲೆ ಮುಂದೆ, ಮೀನು ಹುರಿಯುವ ಸದ್ದು.

ಆರೂವರೆಗೆ ಬಂದೆ. ಬೆಳಗಿನ ಊದುಬತ್ತಿ ಹಚ್ಚಿರಲಿಲ್ಲ. ಕಟ್ಟಿನಿಂದ ಮೂರು ಕಡ್ಡಿ ತೆಗೆದು ನನ್ನ ಕೈಗಿಟ್ಟಳು. "ಇವತ್ತಿನ ಬಾಡಿಗೆ ಮಾಫಿ. ನೀವೇ ಹಚ್ಚಿ."

ಹಚ್ಚಿದೆ. ನಿಂತೆ. ಹೊಗೆ ಮೇಲೆ ಹೋಗುತ್ತಿತ್ತು, ನಾನು ಬಾಯಿ ಬಿಡುತ್ತಿರಲಿಲ್ಲ.

"ಹೆಸರು ಹೇಳಿ ಅತ್ತಿಗೆ. ವಿಳಾಸಾನೂ ಹೇಳಿ. ಇಲ್ಲಾಂದ್ರೆ ಯಾರು ಬಂದಿದ್ದು ಅಂತ ಅವನಿಗೆ ಹೆಂಗೆ ಗೊತ್ತಾಗ್ಬೇಕು?"

ವಿಳಾಸ ಹೇಳಿದೆ, ಗಾಂಗ್‌ಶಾನ್‌ದು, ಬೀದಿ, ಗಲ್ಲಿ, ಮನೆ ನಂಬರ್, ಕ್ಲಿನಿಕ್‌ನಲ್ಲಿ ರೋಗಿಗಳು ಹೇಳುವ ಹಾಗೆ. ಹೆಸರು ಹೇಳಿದೆ. ತಿಂಗಳು ತಪ್ಪಾಗಿ ಎಣಿಸಿದೆ ಎಂದೆ. ಬಿಸಿ ಬೂದಿ ಹೆಬ್ಬೆರಳಿನ ಮೇಲೆ ಉದುರಿತು. ಸುಟ್ಟಿತು. ಕೈ ಕೊಡವಲಿಲ್ಲ.

ಆ-ಶ್ಯಾ ಎರಡು ಹತ್ತರ ನಾಣ್ಯ ಕೊಟ್ಟಳು. "ಚಹಾ ಇಟ್ಟು ಎಷ್ಟೊತ್ತಾಯ್ತು. ಕುಡಿದನಾ ಕೇಳಿ."

"ಚಹಾ ಆಯ್ತಾ?" ಎಂದೆ. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಕೇಳಿದ ಹಾಗೇ ಬಂತು ದನಿ. ನಾಣ್ಯ ಬಿಟ್ಟೆ. ಒಂದು ಅಲ್ಲೇ ಬಿತ್ತು, ತಲೆ. ಇನ್ನೊಂದು ಉರುಳಿಕೊಂಡು ಡಬ್ಬಿಗಳ ಸಂದಿಗೆ ಹೋಯಿತು. ಆ-ಶ್ಯಾ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು.

"ಅಂಕೆ! ಮೊದಲನೇ ಸಲಕ್ಕೇ ನೋಡಿ. ನನ್ನನ್ನ ಸಂಜೆ ಆರರ ತನಕ ಕಾಯಿಸಿದ್ದ, ಪಕ್ಷಪಾತಿ!"

ನಕ್ಕುಬಿಟ್ಟೆ. ಎಷ್ಟು ಕಾಲದ ಮೇಲೋ. ನಗುತ್ತಾ ಇದ್ದೆ, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ, ಗೋಡೆ ಹಿಡಿದುಕೊಂಡೆ, ಅವಳು ಬಂದು ಭುಜ ಹಿಡಿದಳು, ನಾನು ಅವರ ಹೆಸರನ್ನು ಕೂಗಿ ಕೂಗಿ ಅತ್ತೆ. ಆ-ಶ್ಯಾ ಒಲೆ ಮುಂದಿಂದ ಕರೆಯುತ್ತಿದ್ದಾಳೆ, ಏಳುತ್ತೇನೆ.